432 ಕೋಟಿಗೆ 384 ಭಾಜಕಗಳು, 7 ಮಾತ್ರ ಯಾಕಿಲ್ಲ?

ಪ್ರಶ್ನೆ: ನಾವು ಉಡುಪಿಯವರು. ಮನೆಯ ಪೂಜೆಯಲ್ಲಿ ಭಟ್ರು ಸಂಕಲ್ಪ ಹೇಳುವಾಗ 'ಶ್ವೇತವರಾಹಕಲ್ಪೇ, ವೈವಸ್ವತಮನ್ವಂತರೇ' ಎಂದದ್ದು ಪಿಯುಸಿ ಓದುವ ಮಗಳ ಕಿವಿಗೆ ಬಿತ್ತು. ಒಂದು ಕಲ್ಪ ಅಂದರೆ 432 ಕೋಟಿ ವರ್ಷ ಎಂದು ತಿಳಿದ ಮೇಲೆ ಆ ಸಂಖ್ಯೆಯ ಭಾಜಕಗಳನ್ನು ಲೆಕ್ಕ ಹಾಕಿ 384 ಎಂದಳು. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು: ಇಷ್ಟು ಭಾಜಕಗಳಿರುವ ಸಂಖ್ಯೆ ಬೇರೊಂದಿಲ್ಲ, ಅಂಕಿಗಳ ಮೊತ್ತ 9, ಸೂರ್ಯನ ತ್ರಿಜ್ಯವೂ 4,32,000 ಮೈಲಿ, ಭೂಮಿಯ ವಯಸ್ಸೂ ಅಷ್ಟೇ ಎಂದು. ಇದರಲ್ಲಿ ನಿಜ ಎಷ್ಟು? ಮಗಳ ಪ್ರಶ್ನೆ ಬೇರೆಯೇ ಉಂಟು: ಇಷ್ಟೆಲ್ಲ ಸಂಖ್ಯೆಗಳಿಂದ ಭಾಗವಾಗುವುದು 7ರಿಂದ ಯಾಕೆ ಆಗುವುದಿಲ್ಲ? ವಾರಕ್ಕೆ ಏಳು ದಿನ ಅಲ್ಲವಾ?

ಉತ್ತರ: 384 ಸರಿ. ಸಂದೇಶ ಕಳಿಸಿದವರಿಗಿಂತ ನಿಮ್ಮ ಮಗಳ ಪ್ರಶ್ನೆಯೇ ಗಟ್ಟಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಯಾಕೆಂದರೆ ಉತ್ತರಕ್ಕೆ ಸ್ವಲ್ಪ ದಾರಿ ನಡೆಯಬೇಕು.

ಮೊದಲು ಅಪವರ್ತನ. 432 ಅಂದರೆ 16 × 27. ಅದರ ಮುಂದಿರುವ ಏಳು ಸೊನ್ನೆಗಳು ಏಳು 2 ಮತ್ತು ಏಳು 5 ತರುತ್ತವೆ. ಒಟ್ಟು ಹನ್ನೊಂದು 2, ಮೂರು 3, ಏಳು 5. ಒಂದು ಭಾಜಕ ಕಟ್ಟುವಾಗ 2ನ್ನು ಸೊನ್ನೆಯಿಂದ ಹನ್ನೊಂದು ಸಲದವರೆಗೆ ತೆಗೆದುಕೊಳ್ಳಬಹುದು, ಅದು 12 ಬಗೆ. 3ಕ್ಕೆ 4 ಬಗೆ, 5ಕ್ಕೆ 8 ಬಗೆ. 12 × 4 × 8 = 384. ಕೃತ, ತ್ರೇತಾ, ದ್ವಾಪರ, ಕಲಿ ನಾಲ್ಕೂ ಸೇರಿದ ಒಂದು ಮಹಾಯುಗದ 43,20,000 ವರ್ಷಕ್ಕೂ ಹೀಗೇ ಮಾಡಿದರೆ 9 × 4 × 5 = 180.

384 ದೊಡ್ಡ ಸಂಖ್ಯೆ ಎನಿಸುತ್ತದೆ. ಆದರೆ 432 ಕೋಟಿಗಿಂತ ಚಿಕ್ಕದಾದ 3,49,18,88,400 ಎಂಬ ಸಂಖ್ಯೆಯನ್ನು ನೋಡಿ. ಅದು 432 × 25 × 7 × 11 × 13 × 17 × 19. ಇದಕ್ಕಿರುವ ಭಾಜಕಗಳು 1920, ಅಂದರೆ ನಮ್ಮ ಕಲ್ಪದ ಐದು ಪಟ್ಟು. ಮಹಾಯುಗದ ಕಥೆಯೂ ಅದೇ: ಅದಕ್ಕಿಂತ ಚಿಕ್ಕದಾದ 36,03,600ಕ್ಕೆ 360 ಭಾಜಕಗಳು, ಸರಿಯಾಗಿ ದುಪ್ಪಟ್ಟು. ಕಾರಣ ಸರಳ. ಇರುವ 2ಕ್ಕೆ ಇನ್ನೊಂದು 2 ಸೇರಿಸಿದರೆ 11 ಬಗೆ ಇದ್ದದ್ದು 12 ಆಗುತ್ತದೆ, ಅಷ್ಟೇ. ಹೊಸ ಅವಿಭಾಜ್ಯ ಸಂಖ್ಯೆಯೊಂದನ್ನು ತಂದರೆ ಇಡೀ ಲೆಕ್ಕವೇ ಇಮ್ಮಡಿಯಾಗುತ್ತದೆ. ಭಾಜಕಗಳ ಎಣಿಕೆಯಲ್ಲಿ ತನಗಿಂತ ಚಿಕ್ಕವನ್ನೆಲ್ಲ ಹಿಂದಿಕ್ಕುವ ಸಂಖ್ಯೆಗಳ ಬಗ್ಗೆ ರಾಮಾನುಜನ್ 1915ರಲ್ಲಿ ದೀರ್ಘ ಪ್ರಬಂಧವನ್ನೇ ಬರೆದಿದ್ದಾರೆ. 432 ಕೋಟಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಸಂದೇಶದ ಮೊದಲ ಸಾಲು ಹೀಗೆ ಹೋಯಿತು.

ಉಳಿದವನ್ನು ಬೇಗ ಮುಗಿಸೋಣ. ಒಂದೇ ಅಂಕಿ ಉಳಿಯುವವರೆಗೆ ಅಂಕಿಗಳನ್ನು ಕೂಡಿಸುತ್ತಾ ಹೋದರೆ 9 ಬರುವುದು 9ರಿಂದ ಭಾಗವಾಗುವ ಸಂಖ್ಯೆಗಳ ಸಹಜ ಗುಣ. 27ಕ್ಕೂ ಬರುತ್ತದೆ, 1,00,00,008ಕ್ಕೂ ಬರುತ್ತದೆ. ಸೂರ್ಯನ ತ್ರಿಜ್ಯ ಸುಮಾರು 4,32,300 ಮೈಲಿ ಎಂಬುದು ನಿಜ. ಆದರೆ ಮೈಲಿ ಇಂಗ್ಲಿಷರ ಅಳತೆ. ಅದೇ ಸೂರ್ಯನನ್ನು ಕಿಲೋಮೀಟರಿನಲ್ಲಿ ಅಳೆದರೆ 6,95,700, ಯೋಜನದಲ್ಲಿ ಅಳೆದರೆ ಇನ್ನೊಂದು. ಅಳತೆಗೋಲು ಬದಲಾದಾಗ ಮಾಯವಾಗುವ ಹೊಂದಾಣಿಕೆಗೆ ಅರ್ಥ ಹುಡುಕಬಾರದು.

ಭೂಮಿಯ ವಯಸ್ಸಿನ ಮಾತು ಇನ್ನೂ ತಮಾಷೆಯದು. ಇವತ್ತಿನ ಭೂವಿಜ್ಞಾನದ ಲೆಕ್ಕ ಸುಮಾರು 454 ಕೋಟಿ ವರ್ಷ, ಅದರಲ್ಲಿ ಇರಬಹುದಾದ ಹೆಚ್ಚುಕಡಿಮೆ ಐದು ಕೋಟಿ. 432ಕ್ಕೂ ಅದಕ್ಕೂ 22 ಕೋಟಿ ವ್ಯತ್ಯಾಸ. ಅದು ಹಾಗಿರಲಿ, 432 ಕೋಟಿ ಎಂಬುದು ಬ್ರಹ್ಮನ ಪೂರ್ತಿ ಹಗಲು, ಈವರೆಗೆ ಕಳೆದ ಕಾಲ ಅಲ್ಲ. ಈವರೆಗೆ ಕಳೆದದ್ದೆಷ್ಟು ಎಂದು ನಿಮ್ಮ ಭಟ್ರು ಸಂಕಲ್ಪದಲ್ಲೇ ಹೇಳಿದ್ದಾರೆ: ಏಳನೆಯದಾದ ವೈವಸ್ವತ ಮನ್ವಂತರ (ಒಬ್ಬ ಮನುವಿನ ಕಾಲ), ಅದರಲ್ಲಿ 28ನೆಯ ಮಹಾಯುಗ, ಅದರ ಕಲಿಯುಗ, ಪ್ರಥಮ ಪಾದ. ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥದ ಕ್ರಮದಲ್ಲಿ ಕೂಡಿಸಿದರೆ ಕಳೆದದ್ದು 197 ಕೋಟಿ 29 ಲಕ್ಷ ವರ್ಷ ಚಿಲ್ಲರೆ. ಸಂದೇಶ ಬರೆದವರು ವಿಜ್ಞಾನವನ್ನೂ ಓದಿಲ್ಲ, ಸಂಕಲ್ಪವನ್ನೂ ಕಿವಿಗೊಟ್ಟು ಕೇಳಿಲ್ಲ.

ಈಗ ಅಸಲು ವಿಷಯ. ಭಾಜಕಗಳೇ ಮುಖ್ಯವಾಗಿದ್ದರೆ ಈ ಸಂಖ್ಯೆ ಕಟ್ಟಿದವರು 7, 11, 13ನ್ನೂ ಸೇರಿಸುತ್ತಿದ್ದರು. ಅವರು 2, 3, 5 ಬಿಟ್ಟು ಬೇರೇನನ್ನೂ ಒಳಗೆ ಬಿಟ್ಟಿಲ್ಲ. ಇದು 60ರ ಮನೆತನ. 60 × 60 × 60 = 2,16,000. ಅದರ ಎರಡರಷ್ಟು ಕಲಿಯುಗದ 4,32,000. ಇಪ್ಪತ್ತರಷ್ಟು ಮಹಾಯುಗದ 43,20,000. ನಾವು ಹತ್ತರ ಸ್ಥಾನಬೆಲೆಯಲ್ಲಿ ಬರೆಯುವ ಹಾಗೆ 60ರ ಸ್ಥಾನಬೆಲೆಯಲ್ಲಿ ಬರೆದರೆ ಕಲಿಯುಗ ಅಂದರೆ 2ರ ಮುಂದೆ ಮೂರು ಸೊನ್ನೆ. ಬರೀ ದುಂಡು ಸಂಖ್ಯೆ. ಕ್ರಿ.ಪೂ. ಮೂರನೆಯ ಶತಮಾನದ ಬ್ಯಾಬಿಲೋನಿನ ಪುರೋಹಿತ ಬೆರೋಸಸ್ ಜಲಪ್ರಳಯಕ್ಕೆ ಮುಂಚಿನ ಅರಸರ ಆಳ್ವಿಕೆ ಒಟ್ಟು 4,32,000 ವರ್ಷ ಎಂದು ಬರೆದದ್ದಕ್ಕೆ ಅನೇಕರು ಬೆರಗಾಗುತ್ತಾರೆ. ಯಾರಿಂದ ಯಾರಿಗೆ ಬಂತು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. 60ರಲ್ಲಿ ಎಣಿಸುವವರಿಗೆ ಇಂಥ ಸಂಖ್ಯೆ ಸಲೀಸಾಗಿ ಕೈಗೆ ಸಿಗುತ್ತದೆ, ನಮಗೆ ಲಕ್ಷ ಕೋಟಿ ಸಿಕ್ಕಿದ ಹಾಗೆ.

ಅದೇ ಮನೆತನದವರು ಎಲ್ಲೆಲ್ಲಿ ಇದ್ದಾರೆ ನೋಡಿ. ಕೃತಯುಗದ 17,28,000 ವರ್ಷ ಅಂದರೆ 120ರ ಘನ, 120 × 120 × 120. ತ್ರೇತಾಯುಗದ 12,96,000 ಅಂದರೆ ಒಂದು ವೃತ್ತದಲ್ಲಿರುವ ವಿಕಲೆಗಳು: 360 ಅಂಶ, ಅಂಶಕ್ಕೆ 60 ಕಲೆ, ಕಲೆಗೆ 60 ವಿಕಲೆ. ದ್ವಾಪರದ 8,64,000 ಅಂದರೆ ಸರಿಯಾಗಿ ಹತ್ತು ದಿನಗಳ ಸೆಕೆಂಡುಗಳು. ಇದರಲ್ಲಿ ಪವಾಡವೇನಿಲ್ಲ, ದಿನವನ್ನೂ ವೃತ್ತವನ್ನೂ 60ರಿಂದಲೇ ಕತ್ತರಿಸಿದ್ದಾರೆ. ಮಾಧ್ವ ಸಂಪ್ರದಾಯದ ಮನೆಗಳಲ್ಲಿ ಮುಖ್ಯಪ್ರಾಣನು ದಿನಕ್ಕೆ 21,600 ಸಲ ಹಂಸಮಂತ್ರ ಜಪಿಸುತ್ತಾನೆ ಎನ್ನುವುದನ್ನು ಕೇಳಿರುತ್ತೀರಿ. ದಿನದಲ್ಲಿ 60 ಗಳಿಗೆ, ಗಳಿಗೆಗೆ 60 ವಿಗಳಿಗೆ, ವಿಗಳಿಗೆಗೆ 6 ಉಸಿರು, ಒಟ್ಟು 21,600. ವೃತ್ತದಲ್ಲಿರುವ ಕಲೆಗಳೂ 360 × 60 = 21,600. ಭೂಮಿ ಒಂದು ಉಸಿರಿಗೆ ಒಂದು ಕಲೆ ತಿರುಗುತ್ತದೆ ಎಂದು ಆರ್ಯಭಟ ಬರೆದದ್ದು ಇದನ್ನೇ. ಆ 21,600ರ 200 ಪಟ್ಟು ನಮ್ಮ ಮಹಾಯುಗ.

ಆದರೆ ದುಂಡಗಿರುವುದಷ್ಟೇ ಸಾಕೆ? ನನ್ನ ಅಭಿಪ್ರಾಯದಲ್ಲಿ ಈ ಸಂಖ್ಯೆಯನ್ನು ಅರ್ಥಮಾಡಿಕೊಳ್ಳಲು ಒಂದೇ ಕೀಲಿ: ಇದು ಛೇದ. ಭಿನ್ನರಾಶಿಯ ಕೆಳಗೆ ಕೂರುವ ಸಂಖ್ಯೆ. ಮೇಲೆ ಕೂರುವ ಸಂಖ್ಯೆಗಳನ್ನು ಯಾರೂ ವಾಟ್ಸಾಪಿನಲ್ಲಿ ಕಳಿಸುವುದಿಲ್ಲ, ಯಾಕೆಂದರೆ ಅವು ನೋಡಲು ಚೆಂದವಿಲ್ಲ. ಖಗೋಳಶಾಸ್ತ್ರ ಇರುವುದು ಮಾತ್ರ ಅವುಗಳಲ್ಲೇ.

ಆರ್ಯಭಟ ತನ್ನ ಗ್ರಂಥದಲ್ಲಿ ಅಕ್ಷರಗಳಲ್ಲಿ ಸಂಖ್ಯೆ ಬರೆಯುವ ಒಂದು ಪದ್ಧತಿ ಮಾಡಿಕೊಂಡಿದ್ದ. ಆ ಗ್ರಂಥದ ಕಾಲ ಕ್ರಿ.ಶ. 499 ಎಂದು ಗಣನೆ. ಯುಗದಲ್ಲಿ (ಅವನು ಬರೀ ಯುಗ ಎಂದರೆ ಮಹಾಯುಗ) ಸೂರ್ಯನ ಸುತ್ತು 'ಖ್ಯುಘೃ' ಎನ್ನುತ್ತಾನೆ. ಖ 2, ಯ 30, ಸೇರಿ 32. ಉಕಾರ ಬಂದದ್ದರಿಂದ ಹತ್ತು ಸಾವಿರದ ಸ್ಥಾನ, 3,20,000. ಘ 4; ಋಕಾರದಿಂದ ಹತ್ತು ಲಕ್ಷದ ಸ್ಥಾನ, 40,00,000. ಎರಡೇ ಅಕ್ಷರಗುಚ್ಛದಲ್ಲಿ 43,20,000 ಮುಗಿಯಿತು. ಅದೇ ಯುಗದಲ್ಲಿ ಚಂದ್ರನ ಸುತ್ತು 5,77,53,336. ಕುಜನದು 22,96,824, ಗುರುವಿನದು 3,64,224, ಶನಿಯದು 1,46,564. ಗುರು ಒಂದು ಸುತ್ತಿಗೆ ಎಷ್ಟು ವರ್ಷ ತೆಗೆದುಕೊಳ್ಳುತ್ತಾನೆ ಎಂದು ನಾವು 11.86 ಎಂದು ಬರೆಯುತ್ತೇವೆ. ಆಗ ದಶಮಾಂಶ ಬಿಂದು ಇಟ್ಟು ಬರೆಯುವ ರೂಢಿ ಇರಲಿಲ್ಲ. ಹಾಗಾಗಿ ಎಲ್ಲ ಗ್ರಹಗಳಿಗೂ ಸಾಮಾನ್ಯವಾದ ಒಂದು ಬೃಹತ್ ಛೇದ ಇಟ್ಟುಕೊಂಡು, ಅಷ್ಟು ವರ್ಷಗಳಲ್ಲಿ ಇಡಿಯಾಗಿ ಎಷ್ಟು ಸುತ್ತು ಎಂದು ಹೇಳಿದರೆ ಕೆಲಸ ಮುಗಿಯಿತು. 43,20,000ವನ್ನು 3,64,224ರಿಂದ ಭಾಗಿಸಿ, 11.86 ಬರುತ್ತದೆ.

ಚಂದ್ರನ ಸುತ್ತಿನಿಂದ ಸೂರ್ಯನ ಸುತ್ತು ಕಳೆದರೆ ಉಳಿಯುವುದು ಅಮಾವಾಸ್ಯೆಗಳ ಎಣಿಕೆ, 5,34,33,336. ಯುಗದ ಒಟ್ಟು ದಿನಗಳು ಆರ್ಯಭಟನ ಪ್ರಕಾರ 1,57,79,17,500. ಭಾಗಿಸಿದರೆ ಒಂದು ಚಾಂದ್ರಮಾಸಕ್ಕೆ 29.53058 ದಿನ. ಇವತ್ತಿನ ಅಳತೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಸೆಕೆಂಡಿಗಿಂತ ಕಡಿಮೆ. ಇದನ್ನು ಯಾರಾದರೂ ಸಂದೇಶ ಮಾಡಿ ಕಳಿಸಿದರೆ ನಾನು ಸಂತೋಷದಿಂದ ಓದುತ್ತೇನೆ.

ಅಧಿಕ ಮಾಸದ ಲೆಕ್ಕವೂ ಇಲ್ಲಿಯೇ ಉಂಟು. 5,34,33,336ರಿಂದ ವರ್ಷಕ್ಕೆ 12ರಂತೆ 5,18,40,000 ಕಳೆಯಿರಿ: 15,93,336 ಅಧಿಕ ಮಾಸಗಳು. ಇದಕ್ಕೂ 43,20,000ಕ್ಕೂ ಮಸಾಅ, ಅಂದರೆ ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ, 24. ಹಾಗಾಗಿ 1,80,000 ವರ್ಷಗಳಲ್ಲಿ ಸರಿಯಾಗಿ 66,389 ಅಧಿಕ ಮಾಸ, ಸುಮಾರು ಮೂವತ್ತೆರಡೂವರೆ ಸೌರಮಾಸಕ್ಕೊಂದು. ವರ್ಷದ ಉದ್ದಕ್ಕೂ ಹೀಗೇ ಮಾಡಬಹುದು. 1,57,79,17,500 ಮತ್ತು 43,20,000ದ ಮಸಾಅ 7,500. ಎರಡನ್ನೂ ಅದರಿಂದ ಭಾಗಿಸಿದರೆ 576 ವರ್ಷಕ್ಕೆ 2,10,389 ದಿನ ಎಂದು ಬರುತ್ತದೆ, ವರ್ಷಕ್ಕೆ 365 ದಿನ 6 ಗಂಟೆ 12 ನಿಮಿಷ 30 ಸೆಕೆಂಡು. ಉಡುಪಿಯ ಪಿನ್ ಕೋಡು 576ರಿಂದಲೇ ಶುರುವಾಗುತ್ತದೆ. ಇದನ್ನೂ ಒಂದು ಸಂಕೇತ ಎಂದು ಯಾರಾದರೂ ಹೊರಟರೆ ನನ್ನ ಹೆಸರು ಹೇಳಬೇಡಿ.

ಇಷ್ಟು ದೊಡ್ಡ ಸಂಖ್ಯೆ ಬೇಡ, ಊರಿನಲ್ಲೇ ಒಂದು ಸಣ್ಣ ಲೆಕ್ಕ ಮಾಡಿಸಿ. ಕೃಷ್ಣಮಠದ ಪರ್ಯಾಯ (ಪೂಜೆಯ ಸರದಿ) ಎಂಟು ಮಠಗಳಿಗೆ ಎರಡೆರಡು ವರ್ಷ, 16 ವರ್ಷಕ್ಕೊಂದು ಸುತ್ತು. ಸಂವತ್ಸರಗಳು 60. 2024ರ ಜನವರಿಯಲ್ಲಿ ಪುತ್ತಿಗೆ ಮಠದ ಪರ್ಯಾಯ ಶುರುವಾದಾಗ ಶೋಭಕೃತ್ ಸಂವತ್ಸರ. ಅದೇ ಮಠ, ಅದೇ ಸಂವತ್ಸರ ಮತ್ತೆ ಕೂಡುವುದು ಯಾವಾಗ? 16 ಮತ್ತು 60ರ ಲಸಾಅ, ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, 240. ಕ್ರಮ ಹೀಗೇ ಮುಂದುವರಿದರೆ 2264ರಲ್ಲಿ. ಸ್ವಾರಸ್ಯ ಇನ್ನೊಂದು ಕಡೆ ಉಂಟು. ಮಸಾಅ 4 ಆದ್ದರಿಂದ ಒಂದು ಮಠದ ಪರ್ಯಾಯಾರಂಭಕ್ಕೆ ಅರುವತ್ತರಲ್ಲಿ ಹದಿನೈದು ಸಂವತ್ಸರಗಳಷ್ಟೇ ಸಿಗುತ್ತವೆ. ಉಳಿದ ನಲವತ್ತೈದು ಎಷ್ಟು ಶತಮಾನ ಕಾದರೂ ಆ ಮಠದ ಪಾಲಿಗೆ ಬರುವುದಿಲ್ಲ. ಎರಡು ಚಕ್ರಗಳು ಒಟ್ಟಿಗೆ ತಿರುಗುವಾಗ ಲಸಾಅ ಯಾವಾಗ ಕೂಡುತ್ತವೆ ಎಂದು ಹೇಳುತ್ತದೆ, ಮಸಾಅ ಯಾವುದು ಎಂದೂ ಕೂಡುವುದಿಲ್ಲ ಎಂದು ಹೇಳುತ್ತದೆ.

ಇದೇ ಕಣ್ಣಿನಿಂದ ಆರ್ಯಭಟನ ಗ್ರಹಗಳನ್ನು ಮತ್ತೆ ನೋಡಿ. ಕೊನೆಯ ಎರಡು ಅಂಕಿ: ಚಂದ್ರ 36, ಕುಜ 24, ಗುರು 24, ಶನಿ 64. ಬುಧನ ಸುತ್ತು 1,79,37,020, ಶುಕ್ರನದು 70,22,388. ಅಲ್ಲಿ 20 ಮತ್ತು 88. ಆರನೆಯ ಕ್ಲಾಸಿನ ನಿಯಮ ಸಾಕು, ಎಲ್ಲವೂ 4ರಿಂದ ಭಾಗವಾಗುತ್ತವೆ. ಆಕಸ್ಮಿಕ ಅಲ್ಲ. ಆರ್ಯಭಟ ಯುಗವನ್ನು 10,80,000 ವರ್ಷಗಳ ನಾಲ್ಕು ಸಮಪಾದ ಮಾಡುತ್ತಾನೆ, ಪುರಾಣದ 4 : 3 : 2 : 1ರ ಪಾಲು ಅವನಿಗೆ ಒಪ್ಪಿಗೆಯಿಲ್ಲ. ಕಲಿಯ ಆರಂಭಕ್ಕೆ ಮೂರು ಪಾದ ಕಳೆದಿರಬೇಕು, ಆಗ ಗ್ರಹಗಳೆಲ್ಲ ಮೇಷದ ಮೊದಲಲ್ಲಿ ಸೇರಿರಬೇಕು. ಸುತ್ತುಗಳು 4ರಿಂದ ಭಾಗವಾದರೆ ಮಾತ್ರ ಇದು ಸಾಧ್ಯ. ಆದರೆ ಚಂದ್ರೋಚ್ಚದ, ಅಂದರೆ ಚಂದ್ರ ಭೂಮಿಯಿಂದ ಅತಿ ದೂರವಿರುವ ಬಿಂದುವಿನ, ಸುತ್ತು 4,88,219, ಭಾಗವಾಗುವುದಿಲ್ಲ. ಅದರ ಮುಕ್ಕಾಲು 3,66,164 ಸುತ್ತು ಮತ್ತು ಇನ್ನೊಂದು ಕಾಲು. ಕಾಲು ಸುತ್ತು ಅಂದರೆ 90 ಅಂಶ. ಕಲಿಯ ಆರಂಭದಲ್ಲಿ ಚಂದ್ರೋಚ್ಚ 90 ಅಂಶದಲ್ಲಿ ಇತ್ತು ಎಂಬುದು ಆ ಪದ್ಧತಿಯ ಗಣನೆ. ಬೇಕಿದ್ದ ಕಡೆ ಬೇಕಿದ್ದ ಶೇಷ ಉಳಿಯುವ ಹಾಗೆ ಸಂಖ್ಯೆ ಆರಿಸಿದ್ದಾನೆ.

ಈಗ ಮಗಳ 7. 43,20,000ವನ್ನು 7ರಿಂದ ಭಾಗಿಸಿದರೆ ಶೇಷ 6. ಆದರೆ ವಾರ ವರ್ಷಗಳನ್ನು ಎಣಿಸುವುದಿಲ್ಲ, ದಿನಗಳನ್ನು ಎಣಿಸುತ್ತದೆ. ಆದ್ದರಿಂದ ಭಾಗಿಸಬೇಕಾದದ್ದು 1,57,79,17,500ನ್ನು. ಶೇಷ 5. ಅಂದರೆ ಒಂದು ಯುಗ ಬುಧವಾರ ಶುರುವಾದರೆ ಮುಂದಿನದು ಸೋಮವಾರ.

ಬುಧವಾರ ಎಂದದ್ದು ಸುಮ್ಮನೆ ಅಲ್ಲ. ಯುಗ ಲಂಕೆಯ ಸೂರ್ಯೋದಯಕ್ಕೆ ಬುಧವಾರ ಶುರುವಾಯಿತು ಎಂದು ಆರ್ಯಭಟನೇ ಹೇಳಿದ್ದಾನೆ. ಕಲಿಯುಗ ಕ್ರಿ.ಪೂ. 3102ರ ಫೆಬ್ರವರಿ 18, ಶುಕ್ರವಾರ. ಎರಡೂ ಒಂದಕ್ಕೊಂದು ಹೊಂದುತ್ತವೆಯೇ? ಮೂರು ಪಾದ ಅಂದರೆ ಮುಕ್ಕಾಲು ಯುಗ, 1,18,34,38,125 ದಿನ. 7ರಿಂದ ಭಾಗಿಸಿ: ಶೇಷ 2. ಬುಧವಾರಕ್ಕೆ ಎರಡು ಸೇರಿಸಿದರೆ ಶುಕ್ರವಾರ. ಪುರಾಣದ ಪಾಲಿನಂತೆ ಹತ್ತರಲ್ಲಿ ಒಂಬತ್ತು ಭಾಗ ಕಳೆದಿದೆ ಎಂದುಕೊಂಡರೆ 1,42,01,25,750 ದಿನ, ಶೇಷ 1, ಗುರುವಾರ, ಹೊಂದುವುದಿಲ್ಲ. ನೂರು ಕೋಟಿಗೂ ಮೀರಿದ ದಿನಗಳಲ್ಲಿ ಒಂದು ದಿನ ಆಚೀಚೆಯಾದರೂ ಸಿಕ್ಕಿಬೀಳುವಂಥ ತಾಳೆ ಇದು. ಇದನ್ನು ಕಾಗದದ ಮೇಲೆ ಕೈಯಲ್ಲೇ ಮಾಡಬೇಕು, ಕ್ಯಾಲ್ಕುಲೇಟರಿನಲ್ಲಿ ರುಚಿ ಸಿಗುವುದಿಲ್ಲ.

ಯುಗದಲ್ಲಿ 7 ಇಲ್ಲದ್ದು ಸರಿ, ಕಲ್ಪದಲ್ಲಾದರೂ ಬರಬಹುದಿತ್ತಲ್ಲ? ಅದಕ್ಕೆ ಅವಕಾಶವೂ ಇತ್ತು. ಒಂದು ಕಲ್ಪಕ್ಕೆ 14 ಮನುಗಳು, 14ರಲ್ಲಿ 7 ಉಂಟು. ಪುರಾಣಗಳೂ ಸೂರ್ಯಸಿದ್ಧಾಂತವೂ ಒಬ್ಬೊಬ್ಬ ಮನುವಿಗೆ 71 ಮಹಾಯುಗ ಕೊಡುತ್ತವೆ. 14 × 71 = 994. ಕಲ್ಪಕ್ಕೆ ಬೇಕಾದದ್ದು 1000. ಉಳಿದ ಆರನ್ನು ಸೂರ್ಯಸಿದ್ಧಾಂತ ತುಂಬುವ ಬಗೆ ಜಾಣತನದ್ದು: ಮನ್ವಂತರಗಳ ಮೊದಲಿಗೆ, ನಡುನಡುವೆ, ಕೊನೆಗೆ ಒಟ್ಟು 15 ಸಂಧಿಗಳು, ಒಂದೊಂದೂ ಕೃತಯುಗದಷ್ಟು ಉದ್ದ, ಅಂದರೆ ಮಹಾಯುಗದ ಹತ್ತರಲ್ಲಿ ನಾಲ್ಕು ಪಾಲು. 15 × 4 = 60, ಹತ್ತರಿಂದ ಭಾಗಿಸಿದರೆ 6. ಲೆಕ್ಕ ಕೂಡಿತು, 1000 ಬಂತು, 7 ಜಾರಿಹೋಯಿತು. ನಿಮ್ಮ ಮಗಳು ನೋಡಿದ 432 ಕೋಟಿ ಇದು.

ಆರ್ಯಭಟ 71 ತೆಗೆದುಕೊಳ್ಳಲಿಲ್ಲ, 72 ತೆಗೆದುಕೊಂಡ. ಸಂಧಿಗಳ ಗೋಜಿಲ್ಲ. 14 × 72 = 1008 ಯುಗ, 4,35,45,60,000 ವರ್ಷ. ಸಂಪ್ರದಾಯ ಬಿಟ್ಟದ್ದಕ್ಕೆ ಗಣಿತಜ್ಞ ಬ್ರಹ್ಮಗುಪ್ತನಿಂದ ಬೈಗುಳವೂ ಸಿಕ್ಕಿತು. ಆದರೆ ಅಪವರ್ತನ ನೋಡಿ: ಹನ್ನೆರಡು 2, ಐದು 3, ನಾಲ್ಕು 5, ಮತ್ತು ಒಂದು 7. ಭಾಜಕಗಳು 13 × 6 × 5 × 2 = 780, 432 ಕೋಟಿಯ ಎರಡರಷ್ಟಕ್ಕಿಂತ ಹೆಚ್ಚು, ಸಂಖ್ಯೆ ಬೆಳೆದದ್ದು ನೂರಕ್ಕೆ ಒಂದೂ ಇಲ್ಲ. 1008 ಏಳರಿಂದ ಭಾಗವಾಗುವುದರಿಂದ ಕಲ್ಪದ ದಿನಗಳೂ ಏಳರಿಂದ ಭಾಗವಾಗುತ್ತವೆ. ಹಾಗಾಗಿ ಅವನ ಲೆಕ್ಕದಲ್ಲಿ ಪ್ರತಿ ಕಲ್ಪವೂ ಒಂದೇ ವಾರ ಶುರುವಾಗುತ್ತದೆ.

ಯಾವ ವಾರ ಎಂಬುದನ್ನು ಮಗಳೇ ತೆಗೆಯಲಿ, ಬೇಕಾದದ್ದೆಲ್ಲ ಮೇಲೆ ಉಂಟು: ನಮ್ಮ ಯುಗಕ್ಕೆ ಮೊದಲು ಆರು ಮನುಗಳು ಮತ್ತು 27 ಯುಗ ಕಳೆದಿವೆ, ಒಟ್ಟು 459; ಯುಗಕ್ಕೆ ಐದರಂತೆ ವಾರ ಸರಿಯುತ್ತದೆ; ನಮ್ಮ ಯುಗ ಶುರುವಾದದ್ದು ಬುಧವಾರ. ಹಿಂದಕ್ಕೆ ಎಣಿಸಬೇಕು. ಗುರುವಾರ ಬಂದರೆ ಸರಿ.